ಮಾರ್ಟೈಸಿಂಗ್ ಯಂತ್ರ ಕಿರುಚುತ್ತಿದ್ದರೆ, ಕಾಯುತ್ತಿದ್ದರೆ: ಉಳಿಯ ತುದಿಯಿಂದ ಮೋಟಾರಿನವರೆಗೆ ತಪಾಸಣೆ

ಬಾಗಿಲು, ಕಿಟಕಿ, ಮಂಚಗಳ ಕೂಡಿಕೆಗೆ ಚೌಕ ತೂತು ಕೊರೆಯುವ ಮಾರ್ಟೈಸಿಂಗ್ ಯಂತ್ರ ಕೆಡುವಾಗ ಸಾಮಾನ್ಯವಾಗಿ ಎರಡು ಲಕ್ಷಣಗಳು ಜೊತೆಯಾಗಿಯೇ ಕಾಣಿಸಿಕೊಳ್ಳುತ್ತವೆ: ಕಿವಿ ಚುಚ್ಚುವ ಸದ್ದು ಮತ್ತು ಮುಟ್ಟಲಾಗದ ಬಿಸಿ. ಇವೆರಡೂ ಒಟ್ಟಿಗೆ ಬಂದ ಕೂಡಲೇ ಮೋಟಾರನ್ನು ಕಳಚಿ ವೈಂಡಿಂಗ್ (ಒಳಗಿನ ತಂತಿಸುರುಳಿ ಸುತ್ತುವ) ಅಂಗಡಿಗೆ ಒಯ್ಯುವುದು ಅನೇಕರ ರೂಢಿ. ಈ ಯಂತ್ರದ ಮಟ್ಟಿಗೆ ಅದು ತಲೆಕೆಳಗಾದ ಕ್ರಮ. ದೋಷ ಹೆಚ್ಚಿನ ಸಲ ಇರುವುದು ಉಳಿಯ ತುದಿಯಲ್ಲಿ, ಅಂದರೆ ಉಳಿಗೂ ಅದರೊಳಗೆ ತಿರುಗುವ ಬಿಟ್‌ಗೂ ನಡುವಿನ ಸಂದಿನಲ್ಲಿ, ಮೊನಚಿನಲ್ಲಿ ಮತ್ತು ಚಕ್ಕೆ ಹೊರಬೀಳುವ ದಾರಿಯಲ್ಲಿ. ಮೋಟಾರು ಕಾಯುವುದು ಆ ದೋಷದ ಹೊರೆಯನ್ನು ಹೊತ್ತದ್ದಕ್ಕೆ. ಆದ್ದರಿಂದ ತಪಾಸಣೆ ತುದಿಯಿಂದ ಆರಂಭವಾಗಿ ಮೇಲಕ್ಕೆ ಸಾಗಬೇಕು. ಖರ್ಚಿಲ್ಲದ ಕಾರಣಗಳೆಲ್ಲ ಕೆಳಗಡೆಯೇ ಇರುವುದರಿಂದ ಈ ಕ್ರಮ ಕಿಸೆಗೂ ಹಿತ.

ಇಲ್ಲಿ ಹೇಳುವುದು ಪೊಳ್ಳು ಚೌಕ ಉಳಿಯ ಯಂತ್ರದ ಬಗ್ಗೆ. ಮೇಜಿನ ಮೇಲೆ ಕೂರುವ ಅರ್ಧ ಅಥವಾ ಮುಕ್ಕಾಲು ಅಶ್ವಶಕ್ತಿಯ ಯಂತ್ರಕ್ಕೂ, ನೆಲದ ಮೇಲೆ ನಿಲ್ಲುವ ದೊಡ್ಡ ಯಂತ್ರಕ್ಕೂ, ಡ್ರಿಲ್ಲಿಂಗ್ ಯಂತ್ರಕ್ಕೆ ಸಿಕ್ಕಿಸಿಕೊಂಡು ಬಳಸುವ ಮಾರ್ಟೈಸಿಂಗ್ ಸೆಟ್ಟಿಗೂ ಇದರ ಬಹುಪಾಲು ಅನ್ವಯಿಸುತ್ತದೆ.

ಮೊದಲು ಬೇರ್ಪಡಿಸಿ ನೋಡುವುದು

ಪ್ಲಗ್ಗನ್ನು ಸಾಕೆಟ್ಟಿನಿಂದ ಕಿತ್ತ ಮೇಲೆಯೇ ಕೈ ಹಾಕಬೇಕು. ಸ್ವಿಚ್ ಆರಿಸಿದರೆ ಸಾಲದು. ಕಿರುಚುತ್ತಿದ್ದ ಉಳಿ ನಿಂತ ಎಷ್ಟೋ ಹೊತ್ತಿನ ನಂತರವೂ ಚರ್ಮ ಸುಡುವಷ್ಟು ಬಿಸಿ ಇರುತ್ತದೆ, ಆದ್ದರಿಂದ ಅದು ಆರುವವರೆಗೆ ಕಾಯಬೇಕು. ಅನಂತರ ಉಳಿಯನ್ನೂ ಬಿಟ್ಟನ್ನೂ ಪೂರ್ತಿ ಹೊರತೆಗೆದು, ಬಿಟ್ಟನ್ನು ಕಚ್ಚಿ ಹಿಡಿದು ತಿರುಗಿಸುವ ಚಕ್ಕಿನ ದವಡೆಗಳನ್ನು ಬಿಗಿಯಾಗಿ ಮುಚ್ಚಿ, ಚಕ್ ಕೀಲಿಯನ್ನು ಮರೆಯದೆ ತೆಗೆದಿಟ್ಟು, ಯಂತ್ರವನ್ನು ಐದು ನಿಮಿಷ ಬರಿದಾಗಿ ಓಡಿಸಬೇಕು. ಸದ್ದು ಪೂರ್ತಿ ಅಡಗಿ ಮೋಟಾರಿನ ಒಂದೇ ಸಮನಾದ ಮೊರೆತ ಮಾತ್ರ ಉಳಿದರೆ, ತೊಂದರೆ ಉಳಿ ಮತ್ತು ಬಿಟ್‌ನದು. ಗರಗರ ಸದ್ದು ಹಾಗೆಯೇ ಇದ್ದರೆ ಬೇರಿಂಗ್ ಅಥವಾ ಫ್ಯಾನ್ ಕಡೆಗೆ ನೋಡಬೇಕು. ಬರಿದಾಗಿ ಓಡುವಾಗಲೇ ಜೋರಾದ ಗುಂಯ್‌ಗುಡುವಿಕೆಯೊಡನೆ ಮೋಟಾರು ಬೇಗ ಕಾಯುತ್ತಿದ್ದರೆ, ಅದು ವಿದ್ಯುತ್ತಿನ ಭಾಗದ ದೋಷ. ಈ ಒಂದು ಪರೀಕ್ಷೆ ಮುಂದಿನ ಕೆಲಸದ ಅರ್ಧವನ್ನು ಉಳಿಸುತ್ತದೆ.

ಉಳಿಗೂ ಬಿಟ್‌ಗೂ ನಡುವಿನ ಸಂದು

ಈ ಯಂತ್ರದಲ್ಲಿ ಉಳಿ ತಿರುಗುವುದಿಲ್ಲ. ಅದರ ಪೊಳ್ಳಿನೊಳಗೆ ಬಿಟ್ ತಿರುಗುತ್ತದೆ. ಬಿಟ್ ನಡುವಿನ ಮರವನ್ನು ದುಂಡಗೆ ಕೊರೆದು ಚಕ್ಕೆಯನ್ನು ಸುರುಳಿಯ ಮೂಲಕ ಮೇಲಕ್ಕೆ ಕಳಿಸುತ್ತದೆ, ಹಿಡಿಕೆಯ ಒತ್ತಡದಿಂದ ಇಳಿಯುವ ಉಳಿ ನಾಲ್ಕು ಮೂಲೆಗಳನ್ನು ಕತ್ತರಿಸಿ ತೂತನ್ನು ಚೌಕವಾಗಿಸುತ್ತದೆ. ಬಿಟ್‌ನ ತಲೆ ಉಳಿಯ ಒಳ ರಂಧ್ರಕ್ಕಿಂತ ತುಸು ಅಗಲವಾಗಿ ಹೊರಚಾಚಿರುತ್ತದೆ. ಹಾಗಾಗಿ ಆ ತಲೆ ಉಳಿಯ ಬಾಯಿಗಿಂತ ಸ್ವಲ್ಪ ಕೆಳಗೆ ನಿಲ್ಲಲೇಬೇಕು. ನಿಲ್ಲದೆ ಬಾಯಿಗೆ ತಾಗಿಕೊಂಡರೆ, ನಿಮಿಷಕ್ಕೆ ಸುಮಾರು 1,440 ಸುತ್ತು ತಿರುಗುವ ಉಕ್ಕು ನಿಂತಿರುವ ಉಕ್ಕನ್ನು ಉಜ್ಜುತ್ತದೆ. ಕೀಚಲು ಸದ್ದು, ಹೊಗೆ, ನೀಲಿಗಟ್ಟಿದ ತುದಿ ಎಲ್ಲವೂ ಈ ಉಜ್ಜಾಟದ ಫಲ.

ಎಷ್ಟು ಸಂದು ಬೇಕು ಎಂಬುದು ಉಳಿಯ ಅಳತೆಗೆ ತಕ್ಕಂತೆ ಬದಲಾಗುತ್ತದೆ. 6 ಮಿ.ಮೀ. ಉಳಿಗೆ ಸುಮಾರು 1 ಮಿ.ಮೀ., 12 ಮಿ.ಮೀ. ಮತ್ತು ಅದಕ್ಕೂ ದೊಡ್ಡ ಉಳಿಗಳಿಗೆ ಒಂದೂವರೆಯಿಂದ 2 ಮಿ.ಮೀ. ಎಂದು ಇಟ್ಟುಕೊಳ್ಳಬಹುದು, ಯಂತ್ರದ ಕೈಪಿಡಿಯಲ್ಲಿ ಬೇರೆ ಅಳತೆ ಕೊಟ್ಟಿದ್ದರೆ ಅದನ್ನೇ ಪಾಲಿಸಬೇಕು. ಉಜ್ಜುವ ಭಯಕ್ಕೆ ಸಂದನ್ನು ಅತಿಯಾಗಿ ಬಿಡುವುದೂ ತಪ್ಪು. ಬಿಟ್ ತೀರ ಕೆಳಗೆ ನಿಂತರೆ ಉಳಿಯ ಬಾಯಿಗೆ ಹಿಡಿಸದಷ್ಟು ದೊಡ್ಡ ಚಕ್ಕೆಗಳೆದ್ದು, ಒಳಗೆ ಸಿಕ್ಕಿ, ಬಿಟ್ಟನ್ನೇ ಹಿಡಿದು ನಿಲ್ಲಿಸುತ್ತವೆ.

ಸಂದನ್ನು ಕಣ್ಣಂದಾಜಿನಲ್ಲಿ ಇಡುವುದಕ್ಕಿಂತ ಸುಲಭವೂ ನಿಖರವೂ ಆದ ಒಂದು ವಿಧಾನವಿದೆ. ಮೊದಲು ಉಳಿಯನ್ನು ಅದರ ಗೂಡಿನೊಳಗೆ ತೂರಿಸಿ, ಉಳಿಯ ಹೆಗಲಿಗೂ ಗೂಡಿನ ಅಂಚಿಗೂ ನಡುವೆ ಬೇಕಾದ ಸಂದಿನಷ್ಟೇ ದಪ್ಪದ ತಗಡಿನ ತುಂಡನ್ನೋ ತೆಳು ನಾಣ್ಯವನ್ನೋ ಇಟ್ಟು, ಉಳಿಯನ್ನು ಹಗುರವಾಗಿ ಬಿಗಿಯಬೇಕು. ಬಳಿಕ ಬಿಟ್ಟನ್ನು ಕೆಳಗಿನಿಂದ ತೂರಿಸಿ, ಅದರ ತಲೆ ಉಳಿಯ ಬಾಯಿಗೆ ಮುಟ್ಟುವವರೆಗೆ ಮೇಲಕ್ಕೆ ಒತ್ತಿ ಹಿಡಿದು, ಚಕ್ಕನ್ನು ಬಿಗಿ ಮಾಡಬೇಕು. ಈಗ ಉಳಿಯ ತಿರುಪನ್ನು ಸಡಿಲಿಸಿ, ನಾಣ್ಯವನ್ನು ತೆಗೆದು, ಉಳಿಯನ್ನು ಹೆಗಲು ತಾಗುವವರೆಗೆ ಮೇಲಕ್ಕೆ ತಳ್ಳಿ ಮತ್ತೆ ಭದ್ರವಾಗಿ ಬಿಗಿಯಬೇಕು. ಉಳಿ ಮೇಲೇರಿದಷ್ಟು ಸಂದು ಬಾಯಿಯಲ್ಲಿ ತಾನಾಗಿ ಉಳಿಯುತ್ತದೆ. ಕೊನೆಯ ಬಿಗಿತಕ್ಕೆ ಮುಂಚೆ ಉಳಿಯ ಚಪ್ಪಟೆ ಮುಖ ಹಿಂಬದಿಯ ಫೆನ್ಸಿಗೆ (ಮರವನ್ನು ಒರಗಿಸಿಡುವ ಪಟ್ಟಿಗೆ) ಸಮಾನಾಂತರವಾಗಿದೆಯೇ ಎಂದು ಸಣ್ಣ ಮೂಲೆಮಟ್ಟ ಹಿಡಿದು ನೋಡಬೇಕು. ಓರೆಯಾಗಿ ಕೂತ ಉಳಿ ಮೆಟ್ಟಿಲು ಮೆಟ್ಟಿಲಾದ ತೂತು ಕೊಡುವುದಷ್ಟೇ ಅಲ್ಲದೆ, ಮುಂದಿನ ಪ್ರತಿ ಇಳಿತದಲ್ಲೂ ಬದಿಗೋಡೆಗೆ ಉಜ್ಜಿ ಬಿಸಿಯಾಗುತ್ತದೆ.

ಸಂದನ್ನು ಸರಿಯಾಗಿಯೇ ಇಟ್ಟಿದ್ದರೂ ನಾಲ್ಕಾರು ತೂತುಗಳ ನಂತರ ಕಿರುಚಾಟ ಹಠಾತ್ತನೆ ಶುರುವಾದರೆ, ಬಿಟ್ ಚಕ್ಕಿನೊಳಗೆ ಮೇಲಕ್ಕೆ ಜಾರಿದೆ ಎಂದು ತಿಳಿಯಬೇಕು. ಚಕ್ಕನ್ನು ಒಂದೇ ರಂಧ್ರದಲ್ಲಿ ಕೀಲಿ ಹಾಕಿ ಬಿಗಿಯುವ ಅಭ್ಯಾಸ ಇದಕ್ಕೆ ಮುಖ್ಯ ಕಾರಣ. ಮೂರೂ ರಂಧ್ರಗಳಲ್ಲಿ ಸುತ್ತಿ ಬಿಗಿದರೆ ದವಡೆಗಳು ಸಮನಾಗಿ ಹಿಡಿಯುತ್ತವೆ. ಬಿಟ್‌ನ ಬಾಲಕ್ಕೂ ದವಡೆಗೂ ಎಣ್ಣೆಯ ಪಸೆ ಇರಬಾರದು.

ಇಷ್ಟಾದರೂ ಉಜ್ಜುವ ಸದ್ದು ನಿಲ್ಲದಿದ್ದರೆ ಬಿಟ್ ಬಾಗಿರಬಹುದು. ಗಾಜಿನ ಹಲಗೆಯ ಮೇಲೆ ಉರುಳಿಸಿ, ಗಾಜಿಗೂ ಬಿಟ್‌ಗೂ ನಡುವೆ ಬೆಳಕು ಹಾಯುವುದೇ ಎಂದು ನೋಡಿದರೆ ಬಾಗು ತಿಳಿಯುತ್ತದೆ. ಬಾಗಿದ ಬಿಟ್ಟನ್ನು ಬಡಿದು ನೇರ ಮಾಡಲು ಹೋಗುವುದು ವ್ಯರ್ಥ, ಬದಲಾಯಿಸುವುದೇ ಲೇಸು. ಉಳಿಯ ಬಾಲಕ್ಕೆ ಹಾಕುವ ಬುಷ್ ಸವೆದಿದ್ದರೆ ಉಳಿ ಕೊಂಚ ವಾಲಿ ನಿಂತು ಬಿಟ್‌ನ ಒಂದು ಪಕ್ಕಕ್ಕೆ ಮಾತ್ರ ತಾಗುತ್ತದೆ, ಆಗ ಬಿಟ್‌ನ ಒಂದೇ ಬದಿಯಲ್ಲಿ ಹೊಳೆಯುವ ಗೆರೆ ಕಾಣುತ್ತದೆ. ಅಗ್ಗದ ಹೊಸ ಉಳಿಗಳಲ್ಲಿ ಒಳಗೋಡೆ ಒರಟಾಗಿರುವುದೂ ಉಂಟು. ಸಣ್ಣ ಕೋಲಿಗೆ ನುಣುಪು ಉಜ್ಜುಕಾಗದ ಸುತ್ತಿ ಒಳಗೆ ತಿರುಗಿಸಿದರೆ ಚಕ್ಕೆ ಸರಾಗವಾಗಿ ಜಾರುತ್ತದೆ. ಹೊಸ ಜೋಡಿ ಮೊದಲ ಒಂದೆರಡು ತೂತುಗಳಲ್ಲಿ ಸ್ವಲ್ಪ ಕೀಚಲು ದನಿ ಮಾಡುವುದು ಸಹಜ, ಅದಕ್ಕೆ ಗಾಬರಿಯಾಗಬೇಕಿಲ್ಲ.

ಮೊನಚು

ಪೆಟ್ಟಿಗೆಯಿಂದ ಹೊರಬಂದ ಉಳಿ ಕೆಲಸಕ್ಕೆ ಸಿದ್ಧವಾಗಿದೆ ಎಂದು ನಂಬುವುದು ತಪ್ಪು. ಕೈ ಉಳಿಯನ್ನು ದಿನಕ್ಕೆರಡು ಬಾರಿ ಸಾಣೆಗೆ ಒಡ್ಡುವ ಬಡಗಿಯೇ ಯಂತ್ರದ ಉಳಿಯನ್ನು ತಿಂಗಳುಗಟ್ಟಲೆ ಹಾಗೇ ಓಡಿಸುವುದು ಕಾಣಸಿಗುತ್ತದೆ. ಮೊಂಡಾದ ಉಳಿ ಇಳಿಯಲು ಹಿಡಿಕೆಯ ಮೇಲೆ ಮೈಭಾರವನ್ನೆಲ್ಲ ಹಾಕಬೇಕಾಗುತ್ತದೆ. ಆ ಒತ್ತಡ ಬಿಸಿಯಾಗಿ ಮಾರ್ಪಡುತ್ತದೆ.

ಉಳಿಯ ಒಳ ಇಳಿಜಾರನ್ನು ಹರಿತಗೊಳಿಸಲು ಶಂಕುವಿನಾಕಾರದ ಸಾಣೆ ಕಟರುಗಳು ದೊರೆಯುತ್ತವೆ. ಉಳಿಯ ರಂಧ್ರದ ಅಳತೆಗೆ ಸರಿಹೊಂದುವ ಮಾರ್ಗದರ್ಶಿ ಕಡ್ಡಿಯನ್ನು ಕಟರಿಗೆ ಸಿಕ್ಕಿಸಿ, ಕೈಯಿಂದಲೇ ಕೆಲವು ಸುತ್ತು ತಿರುಗಿಸಿದರೆ ನಾಲ್ಕೂ ಅಂಚುಗಳು ಸಮನಾಗಿ ಹರಿತವಾಗುತ್ತವೆ. ಅನಂತರ ಹೊರಮುಖಗಳನ್ನು ನುಣುಪಾದ ಸಾಣೆಕಲ್ಲಿನ ಮೇಲೆ ಚಪ್ಪಟೆಯಾಗಿಟ್ಟು ಒಂದೆರಡು ಸಲ ಎಳೆದು, ಅಂಚಿನಲ್ಲಿ ಎದ್ದ ತೆಳು ಸಿಬಿರನ್ನು ಮಾತ್ರ ತೆಗೆಯಬೇಕು. ಹೊರಮುಖವನ್ನು ಹೆಚ್ಚು ಉಜ್ಜಿದರೆ ತುದಿ ಕಿರಿದಾಗುತ್ತದೆ. ಹಿಂದೆ ಬರುವ ಅಗಲವಾದ ಭಾಗ ತೂತಿನ ಗೋಡೆಗೆ ಕಚ್ಚಿಕೊಂಡು, ಸಾಣೆಗೆ ಮುಂಚಿನದಕ್ಕಿಂತ ಹೆಚ್ಚಾಗಿ ಕಾಯುತ್ತದೆ.

ಬಿಟ್‌ಗೆ ಸಣ್ಣ ಚಪ್ಪಟೆ ಅರ ಸಾಕು. ಹೊರಹಲ್ಲನ್ನು ಅದರ ಒಳಮುಖದಿಂದಲೂ, ಚಕ್ಕೆ ಎಬ್ಬಿಸುವ ತುಟಿಯನ್ನು ಮೇಲ್ಭಾಗದಿಂದಲೂ ಹಗುರವಾಗಿ ಅರೆಯಬೇಕು. ಹೊರಸುತ್ತಿಗೆ ಅರ ಮುಟ್ಟಿಸಿದರೆ ಬಿಟ್‌ನ ವ್ಯಾಸ ಕಡಿಮೆಯಾಗಿ, ಅದು ಬಿಟ್ಟುಕೊಟ್ಟ ಮರವನ್ನೆಲ್ಲ ಉಳಿಯೇ ಒತ್ತಿ ಕತ್ತರಿಸಬೇಕಾಗುತ್ತದೆ.

ತುದಿಯ ಬಣ್ಣವನ್ನೂ ಗಮನಿಸಬೇಕು. ಉಕ್ಕು ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಹುಲ್ಲಿನ ಹಳದಿಗೆ ತಿರುಗುತ್ತದೆ, 300ರ ಆಸುಪಾಸಿನಲ್ಲಿ ನೀಲಿಯಾಗುತ್ತದೆ. ಸಾಧಾರಣ ಕಾರ್ಬನ್ ಉಕ್ಕಿನ ಉಳಿ ನೀಲಿಗಟ್ಟಿತೆಂದರೆ ಅದರ ಗಡಸುತನ ಇಳಿದಿದೆ. ಸಾಣೆ ಹಿಡಿದರೂ ಮೊನಚು ನಿಲ್ಲುವುದಿಲ್ಲ. ನೀಲಿ ಭಾಗ ತುದಿಯಲ್ಲಿ ಅತ್ಯಲ್ಪವಿದ್ದರೆ ಅಷ್ಟನ್ನು ಸವೆಸಿ ತೆಗೆದು ಮುಂದುವರಿಯಬಹುದು. ಹೈ ಸ್ಪೀಡ್ ಸ್ಟೀಲಿನ ಬಿಟ್ ಇದಕ್ಕಿಂತ ಬಹಳ ಹೆಚ್ಚಿನ ಬಿಸಿಯನ್ನು ತಾಳಿಕೊಳ್ಳುತ್ತದೆ, ಹಾಗಾಗಿ ಅದರ ಮೇಲಿನ ಬಣ್ಣಕ್ಕೆ ಅಷ್ಟೇ ತೂಕ ಕೊಡಬೇಕಾಗಿಲ್ಲ.

ಮರ, ಚಕ್ಕೆ ಮತ್ತು ಕೈಯ ಒತ್ತಡ

ಉಳಿಯ ಬದಿಯಲ್ಲಿರುವ ಉದ್ದನೆಯ ಕಿಂಡಿ ಚಕ್ಕೆಗಳ ಬಾಗಿಲು. ಅದು ಮರದ ಗೋಡೆಗೆ ಮುಖ ಮಾಡಿದ್ದರೆ ಚಕ್ಕೆ ಹೊರಬೀಳಲಾರದೆ ಒಳಗೇ ಒತ್ತೊತ್ತಾಗಿ ತುಂಬಿ, ಬಿಟ್‌ನ ಸುತ್ತ ಗಟ್ಟಿಯಾಗುತ್ತದೆ. ಕಿಂಡಿ ಯಾವಾಗಲೂ ತೂತಿನ ಉದ್ದದ ದಿಕ್ಕಿಗೆ, ಅದರಲ್ಲೂ ಈಗಾಗಲೇ ಕೊರೆದು ತೆರವಾದ ಕಡೆಗೆ ಇರಬೇಕು. ಕೊರೆಯುವಾಗ 10ರಿಂದ 15 ಮಿ.ಮೀ. ಇಳಿದ ಮೇಲೆ ಒಮ್ಮೆ ಮೇಲೆತ್ತಿ, ಚಕ್ಕೆ ಉದುರಲು ಬಿಟ್ಟು, ಮತ್ತೆ ಇಳಿಸಬೇಕು. ಆಳದ ತೂತಿನಲ್ಲಿ ಇದನ್ನು ಬಿಟ್ಟರೆ ಹೊಗೆ ಏಳುವುದು ಬಹುಮಟ್ಟಿಗೆ ನಿಶ್ಚಿತ. ಕಿಂಡಿಯಲ್ಲಿ ಸಿಕ್ಕಿದ ಚಕ್ಕೆಯನ್ನು ಯಂತ್ರ ಓಡುತ್ತಿರುವಾಗ ಬೆರಳಿನಿಂದ ಕೀಳಬಾರದು. ನಿಲ್ಲಿಸಿ, ಪ್ಲಗ್ ಕಿತ್ತು, ತೆಳುವಾದ ತಂತಿಯಿಂದ ಕೆದಕಬೇಕು.

ಒತ್ತಡದ ವಿಷಯದಲ್ಲಿ ಅತಿಯಾದ ನಾಜೂಕುತನವೂ ಕೇಡು. ಬಿಟ್ ಕಚ್ಚುವಷ್ಟು ಒತ್ತದೆ ಮೆಲ್ಲಗೆ ಇಳಿಸುತ್ತ ಕೂತರೆ ಅದು ಚಕ್ಕೆ ಎಬ್ಬಿಸುವ ಬದಲು ನುಣ್ಣನೆಯ ಪುಡಿ ಮಾಡುತ್ತದೆ, ಆ ಪುಡಿ ಚಕ್ಕೆಗಿಂತ ಬೇಗ ಗಂಟುಕಟ್ಟುತ್ತದೆ. ಮೋಟಾರಿನ ದನಿ ತುಸು ತಗ್ಗಿದರೂ ಅದರ ವೇಗ ಕುಸಿಯದಂತೆ, ಎಡೆಬಿಡದೆ ಚಕ್ಕೆ ಬರುವಂತೆ ಒತ್ತುವುದು ಸರಿಯಾದ ಹದ.

ಉದ್ದನೆಯ ತೂತಿಗೆ ಒಂದರ ಪಕ್ಕ ಒಂದರಂತೆ ಒತ್ತಾಗಿ ಕೊರೆಯುತ್ತ ಹೋದರೆ, ಉಳಿ ಪ್ರತಿಸಲವೂ ಖಾಲಿಯಾದ ಕಡೆಗೆ ಬಾಗುತ್ತದೆ. ಬಾಗಿದ ಉಳಿಯೊಳಗೆ ನೇರ ಬಿಟ್ ತಿರುಗಿದರೆ ಸಂದು ಎಷ್ಟಿದ್ದರೂ ಉಜ್ಜಾಟ ತಪ್ಪದು. ಮೊದಲು ಎರಡು ತುದಿಗಳನ್ನು ಕೊರೆದು, ನಡುವೆ ಉಳಿಯ ಅಗಲಕ್ಕಿಂತ ತುಸು ಕಡಿಮೆ ಮರ ಬಿಡುತ್ತ ತೂತುಗಳನ್ನು ಹಾಕಿ, ಕೊನೆಯಲ್ಲಿ ಉಳಿದ ಗೋಡೆಗಳನ್ನು ತೆಗೆಯುವುದು ಒಳ್ಳೆಯದು.

ನಮ್ಮಲ್ಲಿ ಚೌಕಟ್ಟಿಗೆ ಬಳಸುವ ಮರಗಳೂ ಈ ಲೆಕ್ಕದಲ್ಲಿ ಸೇರುತ್ತವೆ. ತೇಗದಲ್ಲಿ ಸಿಲಿಕಾ ಇರುವುದರಿಂದ ಅದು ಕೊರೆಯಲು ಮೆದುವೆನಿಸಿದರೂ ಮೊನಚನ್ನು ಬೇಗ ತಿನ್ನುತ್ತದೆ. ಮತ್ತಿ, ಹೊನ್ನೆಯಂಥ ಗಟ್ಟಿ ಮರಗಳಿಗೆ 16 ಮಿ.ಮೀ. ಉಳಿಯನ್ನು ಅರ್ಧ ಅಶ್ವಶಕ್ತಿಯ ಯಂತ್ರದಲ್ಲಿ ನೇರವಾಗಿ ಇಳಿಸುವುದು ಮೋಟಾರಿಗೆ ಅನ್ಯಾಯ. ಚಿಕ್ಕ ಉಳಿಯಲ್ಲಿ ಎರಡು ಸಾಲು ಕೊರೆಯುವುದು ಮೇಲು. ಒಣಗದ ಹಲಸಿನ ಮರ ಅಂಟಿನಿಂದ ಉಳಿಯ ಒಳಗನ್ನೇ ಮೆತ್ತಿಬಿಡುತ್ತದೆ. ಉಳಿಯ ಹೊರಮೈಗೆ ಜೇನುಮೇಣವನ್ನೋ ಸಾದಾ ಮೇಣದಬತ್ತಿಯನ್ನೋ ಸವರಿದರೆ ಇಳಿತ ಹಗುರವಾಗುತ್ತದೆ. ಎಣ್ಣೆ ಬೇಡ: ಅದು ಮರಕ್ಕೆ ಕಲೆ ಹಿಡಿಸುತ್ತದೆ, ಮುಂದೆ ಅಂಟು ಕೂರಲು ಬಿಡುವುದಿಲ್ಲ.

ಹೊಗೆ ಬಂದ ದಿನ ಇನ್ನೊಂದು ಎಚ್ಚರ ಬೇಕು. ಉಳಿಯಿಂದ ಉದುರಿದ ಕರಕಲು ಚಕ್ಕೆ ಕೆಳಗಿನ ಹೊಟ್ಟಿನ ರಾಶಿಯಲ್ಲಿ ಗಂಟೆಗಟ್ಟಲೆ ಒಳಗೊಳಗೇ ಬೇಯುತ್ತಿರಬಹುದು. ಶೆಡ್ಡಿಗೆ ಬೀಗ ಹಾಕುವ ಮುನ್ನ ಆ ಹೊಟ್ಟನ್ನು ಹೊರಗೆ ಹಾಕಿ ನೀರು ಚಿಮುಕಿಸಬೇಕು.

ಮೋಟಾರಿನ ಕಡೆಗೆ

ಬರಿದಾಗಿ ಓಡಿಸಿದಾಗಲೂ ಸದ್ದು ಉಳಿದಿದ್ದರೆ ಮಾತ್ರ ಇಲ್ಲಿಗೆ ಬರಬೇಕು. ಮೊದಲು ಹಿಂಬದಿಯ ಫ್ಯಾನ್ ಮುಚ್ಚಳ ತೆರೆಯುವುದು. ಮರದ ಪುಡಿ ಜಾಲರಿಯನ್ನು ಮುಚ್ಚಿದ್ದರೆ ಗಾಳಿಯೇ ಹರಿಯುವುದಿಲ್ಲ. ಮೋಟಾರಿನ ಮೈಮೇಲಿನ ಏಣುಗಳ ನಡುವೆ ಕೂತ ಪುಡಿಯಂತೂ ಅದಕ್ಕೆ ಹೊದಿಸಿದ ಕಂಬಳಿ. ಬ್ರಷ್ ಮತ್ತು ಬ್ಲೋವರಿನಿಂದ ಶುಚಿಗೊಳಿಸಬೇಕು. ಫ್ಯಾನಿನ ರೆಕ್ಕೆ ಮುರಿದಿದ್ದರೆ, ಅಥವಾ ನೆಗ್ಗಿದ ಮುಚ್ಚಳಕ್ಕೆ ತಾಗುತ್ತಿದ್ದರೆ, ಟಕಟಕ ಸದ್ದಿನ ಮೂಲ ಅಲ್ಲೇ ಸಿಗುತ್ತದೆ.

ಬೇರಿಂಗ್ ಪರೀಕ್ಷೆಗೆ ಚಕ್ಕನ್ನು ಕೈಯಿಂದ ನಿಧಾನವಾಗಿ ತಿರುಗಿಸಬೇಕು. ಮರಳು ಸಿಕ್ಕಿದಂತೆ ಗರಗರ ಎನಿಸಿದರೆ, ಅಥವಾ ಪಕ್ಕಕ್ಕೆ ಅಲುಗಿಸಿದಾಗ ಆಟ ಕಂಡರೆ ಬೇರಿಂಗ್ ಸವೆದಿದೆ. ಯಂತ್ರ ಬರಿದಾಗಿ ಓಡುತ್ತಿರುವಾಗ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿನ ನಿಂತಿರುವ ಮೈಗೆ ಬೇರಿಂಗ್ ಇರುವ ಕಡೆ ಒತ್ತಿ, ಹಿಡಿಯನ್ನು ಕಿವಿಯ ಬಳಿ ತಂದರೆ ಮೇಲಿನದೋ ಕೆಳಗಿನದೋ ಎಂಬುದು ಸ್ಪಷ್ಟವಾಗುತ್ತದೆ; ತಿರುಗುವ ಭಾಗಗಳಿಂದ ಉಪಕರಣವೂ ತಲೆಗೂದಲೂ ದೂರವಿರಲಿ. ಸಣ್ಣ ಮೋಟಾರುಗಳಲ್ಲಿ ಸಾಮಾನ್ಯವಾಗಿ 6202, 6203 ಅಥವಾ 6204 ಸಂಖ್ಯೆಯ ಬೇರಿಂಗುಗಳಿರುತ್ತವೆ, ಸಂಖ್ಯೆ ಅದರ ಬಳೆಯ ಮೇಲೆಯೇ ಇರುತ್ತದೆ. ಮರದ ಪುಡಿಯ ನಡುವೆ ಓಡುವ ಯಂತ್ರಕ್ಕೆ ಎರಡೂ ಬದಿ ರಬ್ಬರ್ ಸೀಲ್ ಇರುವುದನ್ನೇ ಆರಿಸಬೇಕು. ಶಾಫ್ಟಿಗೆ ಕೂರಿಸುವಾಗ ಬಲ ಒಳಬಳೆಯ ಮೇಲೆ ಮಾತ್ರ ಬೀಳಬೇಕು. ಹೊರಬಳೆಗೆ ಸುತ್ತಿಗೆಯಿಂದ ಬಡಿದು ಕೂರಿಸಿದ ಹೊಸ ಬೇರಿಂಗ್ ಆ ಕ್ಷಣದಿಂದಲೇ ಹಳೆಯದು.

ಸಿಂಗಲ್ ಫೇಸ್ ಮೋಟಾರಿನಲ್ಲಿ ಚಾಲೂ ಆಗುವಾಗ ಮಾತ್ರ ಬೇಕಾದ ಒಂದು ವೈಂಡಿಂಗ್ ಇರುತ್ತದೆ. ಮೋಟಾರು ತನ್ನ ವೇಗದ ಮುಕ್ಕಾಲು ಭಾಗ ಮುಟ್ಟಿದಾಗ ಸೆಂಟ್ರಿಫ್ಯೂಗಲ್ ಸ್ವಿಚ್ ಅದನ್ನು ಕಡಿದುಹಾಕುತ್ತದೆ. ಆಗ ಕೇಳುವ 'ಟಕ್' ಸದ್ದು ಆರೋಗ್ಯದ ಗುರುತು. ಪುಡಿ ಸಿಕ್ಕಿಯೋ ಕಾಂಟ್ಯಾಕ್ಟ್ ಅಂಟಿಕೊಂಡೋ ಸ್ವಿಚ್ ತೆರೆಯದಿದ್ದರೆ ಮೋಟಾರು ಒರಟಾಗಿ ಗುಂಯ್‌ಗುಡುತ್ತ ಕೆಲವೇ ನಿಮಿಷಗಳಲ್ಲಿ ಸುಟ್ಟ ವಾಸನೆ ಬೀರುತ್ತದೆ. ಮೋಟಾರು ಚಾಲೂ ಆಗಲು ನೆರವಾಗುವ ಕೆಪಾಸಿಟರ್ ಉಬ್ಬಿದ್ದರೆ, ಸೋರಿದ್ದರೆ, ಅಥವಾ ಮಲ್ಟಿಮೀಟರಿನಲ್ಲಿ ಅದರ ಮೈಮೇಲೆ ಬರೆದ ಮೈಕ್ರೋಫ್ಯಾರಡ್ ಮೌಲ್ಯಕ್ಕಿಂತ ಬಹಳ ಕಡಿಮೆ ತೋರಿಸಿದರೆ ಬದಲಿಸಬೇಕು. ಪ್ಲಗ್ ಕಿತ್ತ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರುತ್ತದೆ, ರೆಸಿಸ್ಟರ್ ಮೂಲಕ ಅದನ್ನು ಖಾಲಿ ಮಾಡದೆ ಮುಟ್ಟಬಾರದು. ಇದರ ಅಭ್ಯಾಸವಿಲ್ಲದವರು ಎಲೆಕ್ಟ್ರಿಷಿಯನ್ನರನ್ನು ಕರೆಯುವುದೇ ಸರಿ.

ಯಂತ್ರದಲ್ಲಿ ಯಾವ ದೋಷವೂ ಸಿಗದೆ ಮೋಟಾರು ಮಾತ್ರ ಕಾಯುತ್ತಿದ್ದರೆ, ಅದಕ್ಕೆ ಬರುವ ತಂತಿಯನ್ನು ನೋಡಬೇಕು. ಶೆಡ್ಡುಗಳಲ್ಲಿ ಇದು ಬಹಳ ಕಾಣುವ, ಬಹಳ ಕಡಿಮೆ ಜನ ಅನುಮಾನಿಸುವ ಕಾರಣ. ಒಂದು ಅಶ್ವಶಕ್ತಿಯ ಸಿಂಗಲ್ ಫೇಸ್ ಮೋಟಾರು ಪೂರ್ಣ ಹೊರೆಯಲ್ಲಿ ಸುಮಾರು 7 ಆಂಪಿಯರ್ ಎಳೆಯುತ್ತದೆ, ಚಾಲೂ ಆಗುವಾಗ ಅದರ ಐದಾರು ಪಟ್ಟು. 1 ಚದರ ಮಿ.ಮೀ. ತಾಮ್ರದ ತಂತಿಯ 30 ಮೀಟರ್ ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಹೋಗಿಬರುವ ದಾರಿ 60 ಮೀಟರ್, ಅದರ ರೋಧ ಸುಮಾರು 1.1 ಓಮ್. ಚಾಲೂ ಆಗುವ ಹೊತ್ತಿಗೆ 35ರಿಂದ 40 ಆಂಪಿಯರ್ ಹರಿದರೆ 40 ವೋಲ್ಟಿನಷ್ಟು ಆ ತಂತಿಯಲ್ಲೇ ಕರಗಿ, 230ರ ಬದಲು 190 ವೋಲ್ಟ್ ಮಾತ್ರ ಮೋಟಾರಿಗೆ ತಲುಪುತ್ತದೆ. ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ ಬಲದಲ್ಲಿ ಸುಮಾರು ಮೂರನೇ ಒಂದು ಭಾಗ ಹೋಯಿತೆಂದೇ ಲೆಕ್ಕ. ವೇಗ ಏರಲು ತಡವಾದಷ್ಟು ಹೊತ್ತು ಚಾಲೂ ವೈಂಡಿಂಗ್ ಕಡಿಯದೆ ಉರಿಯುತ್ತದೆ. ಅದೇ ದೂರಕ್ಕೆ 2.5 ಚದರ ಮಿ.ಮೀ. ತಂತಿ ಹಾಕಿದರೆ ನಷ್ಟ 16 ವೋಲ್ಟಿನ ಸುತ್ತಮುತ್ತ ನಿಲ್ಲುತ್ತದೆ. ಸಂಜೆ ಹೊತ್ತು ವೋಲ್ಟೇಜ್ ಕುಸಿಯುವ ಊರುಗಳಲ್ಲಿ ಮೀಟರ್ ಹಿಡಿದು ನೋಡಿ, ಗಟ್ಟಿ ಮರದ ಕೆಲಸವನ್ನು ಬೆಳಗಿಗೆ ಇಟ್ಟುಕೊಳ್ಳುವುದು ಜಾಣತನ. ತ್ರೀ ಫೇಸ್ ಯಂತ್ರದಲ್ಲಿ ಒಂದು ಫೇಸ್ ಕಡಿದುಹೋದರೆ ಮೋಟಾರು ಗುಂಯ್‌ಗುಟ್ಟುತ್ತ ನಿಲ್ಲುತ್ತದೆ, ಇಲ್ಲವೆ ಓಡುತ್ತಲೇ ಸುಡುತ್ತದೆ. ಫ್ಯೂಸುಗಳನ್ನೂ ಸ್ಟಾರ್ಟರಿನ ಕಾಂಟ್ಯಾಕ್ಟುಗಳನ್ನೂ ಮೊದಲು ಪರೀಕ್ಷಿಸಬೇಕು.

ಕೈ ಇಡಲಾಗದಷ್ಟು ಬಿಸಿಯೆಂದರೆ ಮೋಟಾರು ಕೆಟ್ಟಿತು ಎಂಬ ಮಾತು ಪೂರ್ತಿ ನಿಜವಲ್ಲ. ಅಂಗೈ ಸುಮಾರು 60 ಡಿಗ್ರಿಗೇ ಸೋಲುತ್ತದೆ. ಹೊರೆಯಲ್ಲಿ ಓಡುವ ಮೋಟಾರಿನ ಮೈ 70 ಡಿಗ್ರಿ ಮುಟ್ಟುವುದು ಅಪರೂಪವೇನಲ್ಲ. ನಾಮಫಲಕದಲ್ಲಿ ಇನ್ಸುಲೇಷನ್ ವರ್ಗ ಬಿ ಎಂದಿದ್ದರೆ ಒಳಗಿನ ವೈಂಡಿಂಗ್ 130 ಡಿಗ್ರಿ, ಎಫ್ ಎಂದಿದ್ದರೆ 155 ಡಿಗ್ರಿವರೆಗೆ ತಾಳುವಂತೆ ಮಾಡಲ್ಪಟ್ಟಿರುತ್ತದೆ. ಆದರೆ ಆ ಮಿತಿಯ ಮೇಲೆ ಪ್ರತಿ 10 ಡಿಗ್ರಿ ಏರಿಕೆಗೂ ಇನ್ಸುಲೇಷನ್ನಿನ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಮೋಟಾರು ಬಲ್ಲವರ ಲೆಕ್ಕ. ಅಂಗೈಗಿಂತ, ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ನಂಬಿಕೆಗೆ ಅರ್ಹ: ಕೊರೆಯುವಾಗ ಹರಿಯುವ ಕರೆಂಟ್ ನಾಮಫಲಕದ ಆಂಪಿಯರನ್ನು ಪದೇಪದೇ ಮೀರುತ್ತಿದ್ದರೆ ಹೊರೆ ಹೆಚ್ಚಾಗಿದೆ; ಬರಿದಾಗಿ ಓಡುವಾಗಲೇ ಮೀರುತ್ತಿದ್ದರೆ ವೈಂಡಿಂಗ್ ಒಳಗೆ ಶಾರ್ಟ್ ಆಗಿರುವ ಸಂಭವವಿದೆ.

ಉಳಿದವು ಸಣ್ಣವು. ತಲೆ ಮೇಲೆ ಕೆಳಗೆ ಜಾರುವ ಹಳಿಯಲ್ಲಿ ಸಡಿಲವಿದ್ದರೆ ಕೊರೆಯುವಾಗ ಇಡೀ ಯಂತ್ರ ಗಡಗಡಿಸುತ್ತದೆ. ಬದಿಯ ತಿರುಪುಗಳನ್ನು ಆಟ ಹೋಗುವಷ್ಟು, ಆದರೆ ಹಿಡಿಕೆ ಸರಾಗವಾಗಿ ಚಲಿಸುವಷ್ಟು ಬಿಗಿಯಬೇಕು. ಉಳಿಯ ಬದಲು ಹಲ್ಲಿನ ಚೈನಿನಿಂದ ತೂತು ಕೊರೆಯುವ ಚೈನ್ ಮಾರ್ಟೈಸರ್ ಇದ್ದವರಿಗೆ ಸದ್ದು ಮತ್ತು ಬಿಸಿಯ ಮೂಲ ಬಹುತೇಕ ಚೈನಿನ ಬಿಗಿತ, ಅದರ ಮೊನಚು, ಬಾರ್‌ಗೆ ಎಣ್ಣೆಯ ಕೊರತೆ ಇವುಗಳಲ್ಲೇ ಸಿಗುತ್ತದೆ.

ಎಲ್ಲವನ್ನೂ ನೋಡಿದ ಮೇಲೂ ಮೋಟಾರನ್ನು ರಿವೈಂಡಿಂಗಿಗೆ ಕೊಡಲೇಬೇಕಾಗಿ ಬಂದರೆ, ಹಳೆಯ ತಂತಿಯ ಗೇಜ್ ಮತ್ತು ಸುತ್ತುಗಳ ಸಂಖ್ಯೆಯನ್ನು ಬರೆದಿಟ್ಟು ಅದೇ ಅಳತೆಯಲ್ಲಿ ಸುತ್ತುವಂತೆ ಕೇಳಬೇಕು, ಏಕೆಂದರೆ ತೆಳು ತಂತಿ ಸುತ್ತಿದ ಮೋಟಾರು ಮೊದಲ ದಿನದಿಂದಲೇ ಹೆಚ್ಚು ಕಾಯುತ್ತದೆ. ಬಿಚ್ಚಿದಾಗಲೇ ಎರಡೂ ಬೇರಿಂಗುಗಳನ್ನು ಬದಲಿಸಿಕೊಂಡು, ಮರಳಿ ಕೂರಿಸಿದ ನಂತರ ಉಳಿ ಹಾಕುವ ಮೊದಲು ಬರಿದಾಗಿ ಓಡುವಾಗಿನ ಕರೆಂಟನ್ನು ಅಳೆದು ಯಂತ್ರದ ಮೈಮೇಲೆ ಪೇಂಟಿನಲ್ಲಿ ಬರೆದಿಟ್ಟರೆ, ಮುಂದಿನ ಸಲ ಹೋಲಿಸಿ ನೋಡಲು ಒಂದು ಅಂಕಿ ಇರುತ್ತದೆ.